ಬಜೆಟ್ ಮನವಿಯ ಮೊದಲ ಸಾಲು ಯಾವುದಕ್ಕೆ? ನಗದು, ಕೂಲಿ, ಕಾಮಗಾರಿ, ದುರಸ್ತಿ, ತೆರಿಗೆ ಕಡಿತ: ನಮ್ಮ ಮೂರು ಜಿಲ್ಲೆಗಳ ಲೆಕ್ಕದಲ್ಲಿ ಒಂದು ಹೋಲಿಕೆ

ಜನವರಿ ಬಂತೆಂದರೆ ನಮ್ಮ ಕಡೆ ಮನವಿ ಪತ್ರಗಳ ಸುಗ್ಗಿ. ರಾಯಚೂರಿನ ಡಿಸಿ ಕಚೇರಿ ಮುಂದೆ, ಕೊಪ್ಪಳದಲ್ಲಿ ಉಸ್ತುವಾರಿ ಸಚಿವರ ಕಾರು ನಿಲ್ಲುವ ಜಾಗದಲ್ಲಿ, ಬಳ್ಳಾರಿಯ ಶಾಸಕರ ಮನೆ ಬಾಗಿಲಲ್ಲಿ ಅದೇ ಲೆಟರ್‌ಹೆಡ್, ಅದೇ ಹತ್ತು ಹನ್ನೆರಡು ಬೇಡಿಕೆ. ಕಾಲುವೆ ಆಧುನೀಕರಣ, ರೈಲು, ಸಾಲ ಮನ್ನಾ, ಬೆಂಬಲ ಬೆಲೆ, ಏಮ್ಸ್, ಜವಳಿ ಪಾರ್ಕ್, ತೆರಿಗೆ ವಿನಾಯಿತಿ. ಕೇಳುವುದು ತಪ್ಪಲ್ಲ. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದಲ್ಲೇ ಇವೆ ಎಂದು ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದುಕೊಟ್ಟಿದೆ. ಆದರೆ ಹನ್ನೆರಡನ್ನೂ ಒಂದೇ ದನಿಯಲ್ಲಿ ಕೇಳಿದರೆ ಸರ್ಕಾರ ತನಗೆ ಸಲೀಸಾದ ಎರಡನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ನಮಗೆ ಬೇಕಾದದ್ದು ಆ ಎರಡೇ ಆಗಿರುತ್ತವೆ ಎಂಬ ಖಾತ್ರಿಯೇನಿಲ್ಲ.

ಹಾಗಾಗಿ ಈ ಹೋಲಿಕೆ ಮನವಿ ಬರೆಯುವವರಿಗೆ: ರೈತ ಸಂಘದವರು, ಗ್ರಾಮ ಪಂಚಾಯಿತಿ ಸದಸ್ಯರು, ಎಪಿಎಂಸಿ ವರ್ತಕರು, ಕಾಲೇಜಿನ ಹುಡುಗರು ಯಾರೇ ಆಗಲಿ. ನನ್ನ ವಾದ ಒಂದೇ. ಸರ್ಕಾರದ ಖರ್ಚಿನಲ್ಲಿ ‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಯಾವ ವರ್ಷಕ್ಕೆ ಯಾವುದು’ ಎಂಬುದಕ್ಕೆ ಇದೆ. ಒಂದು ವರ್ಷ ಬರ, ಇನ್ನೊಂದು ವರ್ಷ ಹೊಳೆ ತುಂಬಿ ಹರಿಯುವ, ಒಮ್ಮೆ ಅದಿರಿಗೆ ಚಿನ್ನದ ಬೆಲೆ ಬಂದು ಮತ್ತೊಮ್ಮೆ ಲಾರಿಗಳು ಸಾಲಾಗಿ ನಿಂತುಬಿಡುವ ನಮ್ಮಂಥ ಸೀಮೆಯಲ್ಲಿ ಇದನ್ನು ಮರೆತರೆ ಬೆಳವಣಿಗೆಯೂ ಇಲ್ಲ, ನೆಮ್ಮದಿಯೂ ಇಲ್ಲ.

ಪ್ರತಿ ಬೇಡಿಕೆಗೂ ಮೂರು ಪ್ರಶ್ನೆ ಕೇಳಿಕೊಳ್ಳಿ. ದುಡ್ಡು ಎಷ್ಟು ಬೇಗ ಜನರ ಕೈಗೆ ಬರುತ್ತದೆ? ಬಂದದ್ದರಲ್ಲಿ ಎಷ್ಟು ಇಲ್ಲೇ ಸುತ್ತುತ್ತದೆ, ಎಷ್ಟು ಮರುದಿನವೇ ಹುಬ್ಬಳ್ಳಿಗೋ ಹೈದರಾಬಾದಿಗೋ ಹೋಗುತ್ತದೆ? ಐದು ವರ್ಷ ಬಿಟ್ಟು ನೋಡಿದರೆ ಏನಾದರೂ ಉಳಿದಿರುತ್ತದೆಯೇ?

ಚೀಲದಲ್ಲಿ ಎಷ್ಟಿದೆ

ಮೊದಲು ಕೊಡುವವರ ಚೀಲ ನೋಡೋಣ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ, ಗ್ಯಾರಂಟಿಗಳೆಲ್ಲ ಸೇರಿದ ರಾಜಸ್ವ ವೆಚ್ಚ 3,11,739 ಕೋಟಿ. ರಸ್ತೆ, ಕಾಲುವೆ, ಕಟ್ಟಡದಂಥ ಬಂಡವಾಳ ವೆಚ್ಚ 71,336 ಕೋಟಿ. ಹಳೆಯ ಸಾಲದ ಅಸಲು ತೀರಿಸಲು 26,474 ಕೋಟಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ, ಅಂದರೆ ಒಟ್ಟು ಬಜೆಟ್ಟಿನ ಎಂಟನೇ ಒಂದು ಭಾಗ.

ಆ ವರ್ಷ ತರಬೇಕೆಂದುಕೊಂಡ ಸಾಲ 1,16,000 ಕೋಟಿ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೂಡಿಸಿ ನೋಡಿದರೆ ಸ್ವಾರಸ್ಯವಿದೆ. ಬಂಡವಾಳ ವೆಚ್ಚ 71,336, ರಾಜಸ್ವ ಕೊರತೆ (ಆದಾಯ ಮೀರಿದ ದಿನದ ಖರ್ಚು) 19,262, ಅಸಲು ಮರುಪಾವತಿ 26,474. ಮೂರೂ ಸೇರಿ 1,17,072 ಕೋಟಿ, ಹೆಚ್ಚುಕಡಿಮೆ ಆ ಸಾಲದಷ್ಟೇ. ಅಂದರೆ ತೆರಿಗೆಯಿಂದ ಬರುವ ಆದಾಯ ದಿನದ ಖರ್ಚಿಗೇ ಸಾಲದೆ, ಕಟ್ಟುವ ಕೆಲಸವೆಲ್ಲ ಸಾಲದ ಮೇಲೆಯೇ ನಡೆಯುತ್ತಿದೆ. ಕಟ್ಟುವುದಕ್ಕೆ ಸಾಲ ಮಾಡುವುದು ತಪ್ಪಲ್ಲ, ಮುಂದಿನ ಪೀಳಿಗೆಯೂ ಆ ಕಾಲುವೆಯ ನೀರು ಕುಡಿಯುತ್ತದೆ. ನನ್ನ ತಕರಾರು ಆ 19,262 ಕೋಟಿಯ ಬಗ್ಗೆ ಮಾತ್ರ.

ಇನ್ನೂ ಸಾಲ ಮಾಡಲಿ ಎನ್ನುವಂತಿಲ್ಲ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು, 2002ರಲ್ಲಿ. ವಿತ್ತೀಯ ಕೊರತೆ (ಸಾಲ ಬಿಟ್ಟು ಬರುವ ಆದಾಯವನ್ನು ಮೀರಿದ ಖರ್ಚು) ರಾಜ್ಯದ ಒಟ್ಟು ಉತ್ಪನ್ನದ ಶೇ 3 ಮೀರಬಾರದು, ತೀರಿಸಬೇಕಾದ ಸಾಲವೆಲ್ಲ ಸೇರಿದ ಒಟ್ಟು ಹೊಣೆಗಾರಿಕೆ ಶೇ 25 ಮೀರಬಾರದು ಎನ್ನುವುದು ಅದರ ಗೆರೆ. 2025-26ರ ಅಂದಾಜು ಶೇ 2.95 ಮತ್ತು ಶೇ 24.91. ಗೆರೆಗೆ ಮೂಗು ತಾಗಿಸಿಕೊಂಡು ನಿಂತಿದ್ದೇವೆ.

ಇದರ ಪರಿಣಾಮ ಮನವಿ ಬರೆಯುವವರಿಗೆ ಗೊತ್ತಿರಬೇಕು. ಬರ ಬಿದ್ದ ವರ್ಷ ರಾಜ್ಯದ ಆದಾಯವೂ ಸೊರಗುತ್ತದೆ. ಜನರಿಗೆ ಹೆಚ್ಚು ಬೇಕಾದ ಹೊತ್ತಿನಲ್ಲೇ ಸರ್ಕಾರ ಕೈ ಬಿಗಿ ಹಿಡಿಯಬೇಕಾಗುತ್ತದೆ. ಆಗ ಸಂಬಳ ನಿಲ್ಲಿಸಲಾಗದು, ಬಡ್ಡಿ ನಿಲ್ಲಿಸಲಾಗದು, ನಿಲ್ಲುವುದು ಕಾಮಗಾರಿ. ಕೇಂದ್ರಕ್ಕೆ ಇಂಥ ಬಿಗಿ ಕಡಿಮೆ. ಕೋವಿಡ್ ವರ್ಷ 2020-21ರಲ್ಲಿ ಕೇಂದ್ರದ ಕೊರತೆ ಜಿಡಿಪಿಯ ಶೇ 9.2ಕ್ಕೆ ಹೋಯಿತು, ರಾಜ್ಯಗಳಿಗೆ ಸಿಕ್ಕ ಸಡಿಲಿಕೆ ಶೇ 3ರಿಂದ 5ರವರೆಗೆ, ಅದೂ ಷರತ್ತಿನ ಮೇಲೆ. ಹೀಗಾಗಿ ಕೆಟ್ಟ ವರ್ಷದಲ್ಲಿ ಆರ್ಥಿಕತೆಯನ್ನು ಎತ್ತಿ ಹಿಡಿಯುವ ಕೆಲಸ ಬಹುಪಾಲು ದೆಹಲಿಯದು. ಒಳ್ಳೆಯ ವರ್ಷದಲ್ಲಿ ಕಟ್ಟಿ ಬೆಳೆಸುವ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಬೇಡಿಕೆಯನ್ನು ತಪ್ಪು ಬಾಗಿಲಿಗೆ ಒಯ್ದರೆ ಅದು ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂಬ ಷರಾದೊಂದಿಗೆ ಕಡತ ಸೇರುತ್ತದೆ.

ಬರದ ವರ್ಷ: ನಗದೋ, ಕೂಲಿಯೋ

ಮಸ್ಕಿಯ ಸಂತೆ ಬೀದಿಯಂಥ ಯಾವುದೇ ಬೀದಿಯ ಕಿರಾಣಿ ಅಂಗಡಿಗೆ ಗೃಹಲಕ್ಷ್ಮಿ ದುಡ್ಡು ಬಿದ್ದ ದಿನ ಹೋಗಿ ನಿಂತು ನೋಡಿ.

‘ಅಣ್ಣಾ, ನಮ್ದು ಹಿಂದಿನ ಬಾಕಿ ಎಷ್ಟೈತಿ ನೋಡು.’

‘ಸಾವಿರದ ಎಂಟನೂರು ಐತಿ ಅವ್ವ. ಸಾವಿರ ಜಮಾ ಹಿಡೀಲೇನು?’

‘ಹಿಡಿ. ಉಳಿದದ್ರಾಗ ಎಣ್ಣಿ, ಬ್ಯಾಳಿ, ಒಂದು ಸೋಪು ಕೊಡು. ಹುಡುಗನ ನೋಟ್‌ಬುಕ್ ಮುಂದಿನ ಕಂತಿಗೆ.’

ಉದ್ರಿ ಪುಸ್ತಕದಲ್ಲಿ ಒಂದು ಗೆರೆ ಎಳೆದ ಅಂಗಡಿಯವ ಸಂಜೆ ಸಿಂಧನೂರಿನ ಹೋಲ್‌ಸೇಲ್ ವ್ಯಾಪಾರಿಗೆ ಫೋನ್‌ಪೇ ಮಾಡುತ್ತಾನೆ. ಎರಡು ಸಾವಿರ ರೂಪಾಯಿ ಒಂದೇ ದಿನದಲ್ಲಿ ಮೂರು ಕೈ ದಾಟಿತು. ತೊಗರಿ ಬೇಳೆ ಲಿಂಗಸುಗೂರು ಕಡೆಯದಾಗಿದ್ದರೆ ಅಷ್ಟು ದುಡ್ಡು ಜಿಲ್ಲೆಯಲ್ಲೇ ಉಳಿಯುತ್ತದೆ. ಎಣ್ಣೆ, ಸೋಪಿನದು ಊರು ಬಿಟ್ಟು ಹೋಗುತ್ತದೆ. ಹಳೆ ಬಾಕಿಗೆ ಹೋದ ಸಾವಿರದಿಂದ ಹೊಸ ವ್ಯಾಪಾರವೇನೂ ಹುಟ್ಟಲಿಲ್ಲ ಎಂದು ಅರ್ಥಶಾಸ್ತ್ರದ ಪುಸ್ತಕ ಹೇಳಬಹುದು. ಆದರೆ ಬಾಕಿ ತೀರಿದ ಮನೆಗೆ ಮುಂದಿನ ತಿಂಗಳು ಮತ್ತೆ ಉದ್ರಿ ಸಿಗುತ್ತದೆ, ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೋಗುವ ಪ್ರಮೇಯ ತಪ್ಪುತ್ತದೆ. ಆ ಲಾಭ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ನಗದಿನ ಗುಣವೆಂದರೆ ವೇಗ ಮತ್ತು ವ್ಯಾಪ್ತಿ. ಟೆಂಡರ್ ಇಲ್ಲ, ಗುತ್ತಿಗೆದಾರನಿಲ್ಲ, ದುಡಿಯಲಾಗದ ಮುದುಕಿಗೂ ಬರುತ್ತದೆ. ದೋಷವೆಂದರೆ ಅದಕ್ಕೆ ಮಳೆಯ ಗೊಡವೆಯಿಲ್ಲ. ಹೊಳೆ ತುಂಬಿ ಹರಿದ ವರ್ಷವೂ ಎರಡು ಸಾವಿರ, ಬರಗಾಲದಲ್ಲೂ ಅದೇ ಎರಡು ಸಾವಿರ. ಬೀಳುವಾಗ ಹಿಡಿದುಕೊಳ್ಳಲು ಅದು ಊರುಗೋಲು ನಿಜ, ಆದರೆ ಹೆಚ್ಚು ಬಿದ್ದಾಗ ಹೆಚ್ಚು ಹಿಡಿಯುವುದಿಲ್ಲ. ಅದರ ಮೇಲೆ ಕಂತು ಎರಡು ಮೂರು ತಿಂಗಳು ತಡವಾದರೆ ಇರುವ ಒಂದು ದೊಡ್ಡ ಗುಣವೂ ಹೋಯಿತು. ನಗದು ಕೇಳುವವರು ಮೊತ್ತ ಏರಿಸಿ ಎನ್ನುವ ಬದಲು ತಾರೀಖು ನಿಗದಿ ಮಾಡಿ ಎಂದು ಕೇಳಿದರೆ ಸರ್ಕಾರಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ, ಮನೆಗೆ ಮಾತ್ರ ಬಹಳ ಅನುಕೂಲ.

ಉದ್ಯೋಗ ಖಾತ್ರಿಯ ಕೂಲಿ ಬೇರೆ ಜಾತಿಯದು. 2006ರ ಫೆಬ್ರುವರಿಯಲ್ಲಿ ಮೊದಲ ಹಂತದಲ್ಲಿ ಆಯ್ಕೆಯಾದ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2025-26ರಲ್ಲಿ ರಾಜ್ಯದ ದಿನಗೂಲಿ 370 ರೂಪಾಯಿ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಇದಕ್ಕಿಂತ ಬಹಳ ಹೆಚ್ಚು ಸಿಗುತ್ತದೆ, ಹಾಗಾಗಿ ದೇವದುರ್ಗ, ಕುಷ್ಟಗಿ, ಲಿಂಗಸುಗೂರಿನ ಗಟ್ಟಿಮುಟ್ಟಾದ ಜೋಡಿಗಳು ಗುಳೆ ಹೋಗುವುದು ಇದರಿಂದ ಪೂರ್ತಿ ನಿಲ್ಲಲಿಲ್ಲ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ತಾಯಿ, ಹಾಸಿಗೆ ಹಿಡಿದ ಅತ್ತೆ ಇರುವ ಮನೆ ಊರಲ್ಲೇ ಉಳಿದದ್ದು ಇದರಿಂದ. ಕೂಲಿಯ ಜತೆಗೆ ಬದು, ಕೃಷಿ ಹೊಂಡ, ಹೂಳು ತೆಗೆದ ಕೆರೆ ಉಳಿಯುತ್ತವೆ. ಕೂಲಿ ಗುಂಪಿನ ಮೇಟಿಯಾದ ಕಾಯಕ ಬಂಧುವಿನ ಹಾಜರಿಯಲ್ಲಿ ಕೆಲವು ಸುಳ್ಳು ಹೆಸರು, ಕೂಲಿಯಾಳಿನ ಬದಲು ಜೆಸಿಬಿ ಇವೂ ಇದ್ದವು ಅನ್ನಿ.

ಇದರ ನಿಜವಾದ ಬೆಲೆ ಇದ್ದದ್ದು ಕಾನೂನಿನಲ್ಲಿ. ಕೇಳಿದವರಿಗೆ ಕೆಲಸ ಕೊಡಲೇಬೇಕು, ಕೂಲಿಯ ಪೂರ್ತಿ ಹೊರೆ ಕೇಂದ್ರದ್ದು. ಮಳೆ ಕೈಕೊಟ್ಟರೆ ಕೆಲಸ ಕೇಳುವವರು ತಾವಾಗಿ ಹೆಚ್ಚುತ್ತಾರೆ, ಖರ್ಚು ತಾನಾಗಿ ಏರುತ್ತದೆ. ಮಳೆ ಚೆನ್ನಾದರೆ ಜನ ಹೊಲಕ್ಕೆ ಹೋಗುತ್ತಾರೆ, ಖರ್ಚು ತಾನಾಗಿ ಇಳಿಯುತ್ತದೆ. ಯಾವ ಸಚಿವರ ಸಹಿಗೂ ಕಾಯಬೇಕಿಲ್ಲ. ಆರ್ಥಿಕ ಸ್ಥಿರತೆಗೆ ಇದಕ್ಕಿಂತ ಚೆಂದದ ಉಪಾಯ ನನಗೆ ಕಂಡಿಲ್ಲ. ಸಹಿಗೆ ಕಾಯುವ ಪರಿಹಾರ ಹೇಗಿರುತ್ತದೆ ಎಂದು 2023ರಲ್ಲಿ ನೋಡಿದ್ದೇವಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ, ತುಂಗಭದ್ರಾ ಜಲಾಶಯವೂ ಭರ್ತಿಯಾಗಲಿಲ್ಲ. ರಾಜ್ಯ 18,171 ಕೋಟಿ ಕೇಳಿತು, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು, ಕೊನೆಗೆ 2024ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು ಸುಮಾರು 3,450 ಕೋಟಿ. ಅಷ್ಟೊತ್ತಿಗೆ ಒಣಗಬೇಕಾದ ಬೆಳೆ ಒಣಗಿ, ಗುಳೆ ಹೋಗುವವರು ಹೋಗಿಯಾಗಿತ್ತು.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಹಳೆ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ವಿಬಿ-ಜಿ ರಾಮ್ ಜಿ ಕಾಯ್ದೆ ತಂದಿತು. ವರ್ಷಕ್ಕೆ ನೂರು ದಿನದ ಕೆಲಸ ಇದ್ದದ್ದು 125 ಆಯಿತು ಎಂಬುದನ್ನೇ ಎಲ್ಲರೂ ಓದಿದರು. ನಾನು ಓದಿದ್ದು ಬೇರೆ ಎರಡು ಸಾಲು. ವೆಚ್ಚದಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಪ್ರತಿ ರಾಜ್ಯಕ್ಕೂ ಮೊದಲೇ ಒಂದು ಮೊತ್ತ ನಿಗದಿ, ಅದನ್ನು ಮೀರಿದರೆ ರಾಜ್ಯವೇ ಭರಿಸಬೇಕು. ಅಂದರೆ ಬರ ಬಿದ್ದು ಕೆಲಸ ಕೇಳುವವರು ಹೆಚ್ಚಾದಷ್ಟೂ ಹೊರೆ ಬೀಳುವುದು, ಆಗಲೇ ಹೇಳಿದಂತೆ, ಶೇ 3ರ ಗೆರೆಗೆ ಮೂಗು ತಾಗಿಸಿಕೊಂಡವರ ಮೇಲೆ. ದಿನ ಹೆಚ್ಚಾಗಿ ತಾನಾಗಿ ಏರುವ ಗುಣ ಹೋದರೆ ನಮ್ಮ ಸೀಮೆಗೆ ಅದು ನಷ್ಟದ ವ್ಯಾಪಾರ.

ಆಯ್ಕೆಗೆ ಬಂದರೆ, ಬರದ ವರ್ಷದ ಮನವಿಯಲ್ಲಿ ಈ ಎರಡರ ಪೈಕಿ ಕೂಲಿ ಮೊದಲು, ನಗದು ಆಮೇಲೆ. ಬರ ಘೋಷಿತ ತಾಲ್ಲೂಕುಗಳಲ್ಲಿ ನಿಗದಿತ ಮೊತ್ತ ಮೀರಿದ ಕೂಲಿಯನ್ನು ಕೇಂದ್ರವೇ ಕೊಡಲಿ ಎಂಬುದು ಈಗ ಸಂಸದರ ಮುಂದೆ ಇಡಬೇಕಾದ ಬೇಡಿಕೆ.

ಮಳೆ ಚೆನ್ನಾದ ವರ್ಷ: ದೊಡ್ಡ ಕಾಮಗಾರಿ

ಸರ್ಕಾರಿ ಹಣಕಾಸಿನ ಅಧ್ಯಯನ ಮಾಡುವ ದೆಹಲಿಯ ಎನ್‌ಐಪಿಎಫ್‌ಪಿ ಸಂಸ್ಥೆಯ 2013ರ ಒಂದು ಅಧ್ಯಯನ ಎಲ್ಲ ಚರ್ಚೆಗಳಲ್ಲೂ ತಲೆ ಹಾಕುತ್ತದೆ. ಸರ್ಕಾರ ಬಂಡವಾಳ ವೆಚ್ಚಕ್ಕೆ ಹಾಕಿದ ಒಂದು ರೂಪಾಯಿ ದೇಶದ ಉತ್ಪನ್ನವನ್ನು 2.45 ರೂಪಾಯಿಯಷ್ಟು ಏರಿಸುತ್ತದೆ, ನಗದು ವರ್ಗಾವಣೆಯ ರೂಪಾಯಿ 0.98ರಷ್ಟು ಮಾತ್ರ ಎಂಬುದು ಅದರ ಲೆಕ್ಕ. ಕೇಂದ್ರ ತನ್ನ ಬಂಡವಾಳ ವೆಚ್ಚವನ್ನು 2019-20ರ ಸುಮಾರು 3.36 ಲಕ್ಷ ಕೋಟಿಯಿಂದ 2025-26ರ ಬಜೆಟ್ಟಿನಲ್ಲಿ 11.21 ಲಕ್ಷ ಕೋಟಿಗೆ ಏರಿಸಿದ್ದರ ಹಿಂದೆ ಈ ಬಗೆಯ ವಾದವೇ ಇದೆ. ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಸಾಲವನ್ನೂ ಇದಕ್ಕೇ ಕೊಡುತ್ತಿದೆ.

ಒಪ್ಪೋಣ. ಆದರೆ 2.45 ಇಡೀ ದೇಶದ ಸರಾಸರಿ. ಸಿರವಾರದಲ್ಲಿ ರಸ್ತೆ ಮಾಡಿದರೆ ಡಾಂಬರು ಹೊರಗಿನದು, ಯಂತ್ರ ಹೊರಗಿನದು, ಗುತ್ತಿಗೆದಾರ ಹೊರಗಿನವ, ಎಷ್ಟೋ ಸಲ ಕೂಲಿಯಾಳೂ ಬಿಹಾರದವ. ಕಬ್ಬಿಣ ಮಾತ್ರ ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯದಾಗಿರಬಹುದು. ಆ 2.45ರಲ್ಲಿ ಊರಿಗೆ ದಕ್ಕುವುದು ಕಟ್ಟುವಾಗಿನ ಖರ್ಚಿನಿಂದಲ್ಲ, ಕಟ್ಟಿ ಮುಗಿದ ಮೇಲಿನ ಓಡಾಟದಿಂದ. ಮುಗಿಯುವುದು ಯಾವಾಗ ಎಂಬುದೇ ಪ್ರಶ್ನೆ.

ಮುನಿರಾಬಾದ್-ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗು ಸಿಂಧನೂರಿನಲ್ಲಿ ಮೊದಲ ರೈಲು ಹತ್ತುವ ಹೊತ್ತಿಗೆ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿತ್ತು. ಗದಗ-ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಕುಷ್ಟಗಿವರೆಗೆ ರೈಲು ಓಡಿದ್ದು 2025ರ ಮೇನಲ್ಲಿ. ಸುಮಾರು ಕಾಲು ಶತಮಾನ ಅರ್ಧಕ್ಕೆ ನಿಂತ ಮಾರ್ಗಕ್ಕೆ ಸುರಿದ ದುಡ್ಡಿಗೆ ಬಡ್ಡಿ ಬೆಳೆಯುತ್ತದೆ, ಬತ್ತದ ಚೀಲ ಮಾತ್ರ ಲಾರಿಯಲ್ಲೇ ಹೋಗುತ್ತಿರುತ್ತದೆ.

ಆದ್ದರಿಂದ ಕಾಮಗಾರಿಯನ್ನು ಒಳ್ಳೆಯ ವರ್ಷದಲ್ಲಿ, ಸರ್ಕಾರದ ಕೈಯಲ್ಲಿ ದುಡ್ಡು ಓಡಾಡುವಾಗ ಕೇಳಿ. ಬರದಲ್ಲಿ ಕೇಳಿದರೆ ಅಡಿಗಲ್ಲು ಸಿಗುತ್ತದೆ, ಅಷ್ಟೇ. ಕೇಳುವಾಗಲೂ ಹೊಸದನ್ನಲ್ಲ, ಮುಕ್ಕಾಲು ಮುಗಿದದ್ದನ್ನು ಮುಗಿಸಿಕೊಡಿ ಎಂದು ಕೇಳಿ. ಮುಗಿಯದ ಐದಕ್ಕಿಂತ ಮುಗಿದ ಒಂದು ದೊಡ್ಡದು ಎಂಬುದು ಗೊತ್ತಿದ್ದರೂ ನಮ್ಮ ಮನವಿಗಳಲ್ಲಿ ಬರೀ ‘ನೂತನ’ವೇ ತುಂಬಿರುತ್ತದೆ.

ಯಾರೂ ಕೇಳದ ಬಾಬತ್ತು

ಇನ್ನು ಮನವಿಗಳಲ್ಲಿ ಎಂದೂ ಮೊದಲ ಸಾಲಿಗೆ ಬರದ ಬೇಡಿಕೆ: ದುರಸ್ತಿ ಮತ್ತು ನಿರ್ವಹಣೆ. ನನ್ನನ್ನು ಕೇಳಿದರೆ ನಮ್ಮ ಮೂರು ಜಿಲ್ಲೆಗಳಿಗೆ ಯಾವ ವರ್ಷವೇ ಆಗಲಿ, ಮಳೆ ಇರಲಿ ಬಿಡಲಿ, ಇದೇ ಪಟ್ಟಿಯ ತಲೆಯಲ್ಲಿರಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟು, ಅಣೆಕಟ್ಟಿಗೆ ಏಳು ದಶಕ. ಮುಂಗಾರಿನಲ್ಲಿ ಕಷ್ಟಪಟ್ಟು ತುಂಬಿದ ನೀರನ್ನು ಹೊಳೆಗೆ ಬಿಟ್ಟು, ಹರಿಯುವ ನೀರಲ್ಲೇ ತಾತ್ಕಾಲಿಕ ಗೇಟು ಇಳಿಸಬೇಕಾಯಿತು. ಆಮೇಲೆ ಎಲ್ಲ ಗೇಟುಗಳನ್ನೂ ಬದಲಿಸುವ ಮಾತು ಬಂತು, ಅದಕ್ಕಾಗಿ 2025ರ ಕೊನೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಆಯಿತು. ಎರಡನೇ ಬೆಳೆ ಇಲ್ಲವೆಂದರೆ ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಏನೇನು ನಿಲ್ಲುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ನಾಟಿ ಮಾಡುವ ಹೆಣ್ಣಾಳುಗಳ ಕೂಲಿ, ಕೊಯ್ಲು ಯಂತ್ರದ ಬಾಡಿಗೆ, ಗೊಬ್ಬರದಂಗಡಿಯ ಉದ್ರಿ ವಸೂಲಿ, ಅಕ್ಕಿ ಗಿರಣಿಯ ಹಮಾಲರ ದುಡಿಮೆ, ಟ್ರ್ಯಾಕ್ಟರ್ ಕಂತು. ಇಷ್ಟು ಜನರ ಒಂದು ಹಂಗಾಮಿನ ಆದಾಯ ಒಂದು ಕಡೆ, ಕಾಲಕಾಲಕ್ಕೆ ಗೇಟು, ಚೈನ್ ನೋಡಿಕೊಳ್ಳುವ ಖರ್ಚು ಇನ್ನೊಂದು ಕಡೆ. ತಕ್ಕಡಿ ಬೇಕೇ?

ಜಲಾಶಯದ್ದಾದರೂ ಸುದ್ದಿಯಾಗುತ್ತದೆ. ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಕಡೆ ಬನ್ನಿ. ಉಪಕಾಲುವೆಯ ಒಳಗೇ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿರುತ್ತದೆ. ಸಿಮೆಂಟ್ ಲೈನಿಂಗ್ ಎದ್ದು ಬಂದು ಚಪ್ಪಡಿಗಳು ಒಂದರ ಮೇಲೊಂದು ಕೂತಿರುತ್ತವೆ. ತೂಬಿನ ಬಾಗಿಲು ತಿರುಗಿಸುವ ರಾಡ್ ಮಾಯವಾಗಿ, ಆ ಜಾಗದಲ್ಲಿ ಮಣ್ಣು ತುಂಬಿದ ಗೊಬ್ಬರದ ಚೀಲ, ಮೇಲೊಂದು ಕಲ್ಲು. ಮೇಲ್ಭಾಗದವರು ರಾತ್ರಿ ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ, ಕೆಳಭಾಗದವರು ರಸ್ತೆ ತಡೆ ಮಾಡುತ್ತಾರೆ, ಪೊಲೀಸರು ಕಾಲುವೆ ಮೇಲೆ ಗಸ್ತು ತಿರುಗುತ್ತಾರೆ. ನೀರು ಬಿಡುವ ಗ್ಯಾಂಗ್‌ಮನ್‌ಗಳು ಸಂಬಳ ಬಾಕಿಯೆಂದು ಧರಣಿ ಕೂರುವುದೂ ಹೊಸದಲ್ಲ. ಕಾಗದದ ಮೇಲೆ ಆ ಹೊಲ ನೀರಾವರಿ ಭೂಮಿ, ಕಾಲುವೆಯ ಬಂಡವಾಳ ವೆಚ್ಚ ಎಂದೋ ಮುಗಿದಿದೆ. ಬೆಳೆಯುವುದು ಮಾತ್ರ ಮಳೆ ನಂಬಿದ ಹತ್ತಿ.

ಇದು ಯಾರ ಕಣ್ಣಿಗೂ ಬೀಳದಿರಲು ಕಾರಣ ಬಜೆಟ್ಟಿನ ಲೆಕ್ಕಪದ್ಧತಿಯಲ್ಲೇ ಇದೆ. ಹೊಸ ಕಾಲುವೆ ಬಂಡವಾಳ ವೆಚ್ಚ; ಅದನ್ನು ಹೇಳಿಕೊಳ್ಳಬಹುದು, ಅದಕ್ಕೆ ಸಾಲವೂ ಸಿಗುತ್ತದೆ. ಇದ್ದ ಕಾಲುವೆಯ ಹೂಳು ತೆಗೆದರೆ ಅದು ರಾಜಸ್ವ ವೆಚ್ಚ, ಸಂಬಳ-ಸಾದಿಲ್ವಾರಿನ ಸಾಲಿನಲ್ಲಿ ಕೂರುತ್ತದೆ. ರಾಜಸ್ವ ಕೊರತೆ ತಗ್ಗಿಸಿ ಎಂಬ ಒತ್ತಡ ಬಂದಾಗ ಮೊದಲ ಕತ್ತರಿ ಇದಕ್ಕೇ, ಏಕೆಂದರೆ ಹೂಳಿಗೆ ಸಂಘವಿಲ್ಲ, ಅದು ಧರಣಿ ಕೂರುವುದಿಲ್ಲ. ಜಲಾಶಯವನ್ನೇ ನೋಡಿ, ಮೊದಲು 133 ಟಿಎಂಸಿ ಹಿಡಿಸುತ್ತಿದ್ದದ್ದು ಈಗ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. ಹೂಳಿನಿಂದ ಹೀಗೆ ಕಳೆದುಕೊಂಡ ನೀರು ಹಿಡಿಯಲು ಕೇಳುತ್ತಿರುವ ನವಲಿಯ ಸಮಾನಾಂತರ ಜಲಾಶಯದ ಬೇಡಿಕೆಗೆ ನಾನು ವಿರೋಧಿಯಲ್ಲ. ಆದರೆ ಅದು ಬರುವವರೆಗೆ ಇದ್ದ ಕಾಲುವೆಯಲ್ಲಿ ನೀರು ಕೊನೆ ಮುಟ್ಟಲಿ ಎನ್ನುವ ಬೇಡಿಕೆಯನ್ನು ಹನ್ನೊಂದನೇ ಸಾಲಿಗೆ ತಳ್ಳುವುದು ಯಾವ ನ್ಯಾಯ?

ಮೂರು ಪ್ರಶ್ನೆಗಳಿಗೂ ದುರಸ್ತಿ ಒಳ್ಳೆಯ ಅಂಕ ಪಡೆಯುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಶುರು ಮಾಡಿದರೆ ಜುಲೈಗೆ ಫಲ. ಜಾಲಿ ಕಡಿಯುವುದಕ್ಕೂ ಹೂಳೆತ್ತುವುದಕ್ಕೂ ಊರಿನ ಕೈಗಳೇ ಸಾಕು, ಕೂಲಿ ಇಲ್ಲೇ ಉಳಿಯುತ್ತದೆ. ನೀರು ಹತ್ತಿದ ಹೊಲ ಮುಂದಿನ ಬರದಲ್ಲಿ ಪರಿಹಾರ ಕೇಳುವವರ ಸಾಲನ್ನು ಚಿಕ್ಕದು ಮಾಡುತ್ತದೆ.

ತೆರಿಗೆ ಕಡಿತ: ಯಾರ ಜೇಬಿಗೆ?

ವ್ಯಾಪಾರಿ ಸಂಘಗಳ ಮನವಿಯಲ್ಲಿ ಇದು ಮೊದಲು. ಕಡಿತ ಎಂದರೆ ಎಲ್ಲರಿಗೂ ಲಾಭ ಎಂಬ ಭಾವನೆ ಇದೆ. ಹತ್ತಿಯ ವಿಚಾರ ನೋಡಿ. ಅಮೆರಿಕದ ಸುಂಕದ ಹೊಡೆತಕ್ಕೆ ಸಿಕ್ಕ ಜವಳಿ ರಫ್ತುದಾರರಿಗೆ ನೆರವಾಗಲೆಂದು ಕೇಂದ್ರ 2025ರ ಆಗಸ್ಟ್ 19ರಿಂದ ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕ ಎತ್ತಿತು. ಮೊದಲು ಸೆಪ್ಟೆಂಬರ್‌ವರೆಗೆ ಎಂದದ್ದು ಡಿಸೆಂಬರ್ 31ರವರೆಗೆ ಮುಂದುವರಿಯಿತು. ರಾಯಚೂರು ಎಪಿಎಂಸಿಗೆ ಹೊಸ ಹತ್ತಿ ಬರುವ ತಿಂಗಳುಗಳು ಯಾವುವು? ಅವೇ. ಗಿರಣಿಗೆ ವಿದೇಶಿ ಹತ್ತಿ ಅಗ್ಗವಾಗಿ ಸಿಗುವಾಗ ಇಲ್ಲಿಯ ದರ ಏರುವುದು ಹೇಗೆ? ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710, ಉದ್ದ ಎಳೆಯದಕ್ಕೆ 8,110 ರೂಪಾಯಿ ಬೆಂಬಲ ಬೆಲೆ ಇದ್ದದ್ದು ನಿಜ, ಆದರೆ ಅದು ಸಿಗುವುದು ಭಾರತೀಯ ಹತ್ತಿ ನಿಗಮದ (ಸಿಸಿಐ) ಖರೀದಿ ಕೇಂದ್ರದಲ್ಲಿ, ತೇವಾಂಶದ ಪರೀಕ್ಷೆ ಪಾಸಾದ ಮೇಲೆ. ತಿರುಪ್ಪೂರಿನ ಉಡುಪು ರಫ್ತುದಾರರ ಹೊಟ್ಟೆ ತಣ್ಣಗಾಗಲೆಂದು ಮಾಡಿದ ಕಡಿತದ ಬಿಸಿ ತಟ್ಟುವುದು ರಾಯಚೂರಿಗೆ.

ಬಳ್ಳಾರಿಯ ಜೀನ್ಸ್ ಕತೆ ಬೇರೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5. ಮೊದಲು ಈ ಶೇ 5ರ ಮಿತಿ ಒಂದು ಸಾವಿರ ರೂಪಾಯಿವರೆಗೆ ಮಾತ್ರ, ಅದರ ಮೇಲಿನದಕ್ಕೆ 12. ಬ್ರಾಂಡ್ ಅಂಗಡಿಗಳಿಗೆ ದೊಡ್ಡ ಲಾಭ. ನಮ್ಮ ಬಳ್ಳಾರಿಯ ಸಣ್ಣ ಯೂನಿಟ್‌ಗಳಿಂದ ಹೋಗುವ ಅಗ್ಗದ ಪ್ಯಾಂಟು ಮೊದಲಿಂದಲೂ ಸಾವಿರದ ಒಳಗಿನದೇ, ಅದಕ್ಕೆ ಆಗಲೂ 5, ಈಗಲೂ 5. ಅವರಿಗೆ ಬೇಕಾದದ್ದು ಕೈಕೊಡದ ಕರೆಂಟು, ವಾಷಿಂಗ್ ಘಟಕಗಳಿಗೆ ನೀರು, ಆ ಬಣ್ಣದ ನೀರನ್ನು ಶುದ್ಧ ಮಾಡುವ ಸಾಮೂಹಿಕ ಘಟಕ. ಅದು ತೆರಿಗೆ ಕಡಿತದಿಂದ ಬರುವುದಲ್ಲ, ಖರ್ಚಿನಿಂದ ಬರುವುದು. ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದ 2025ರ ಕೇಂದ್ರ ಬಜೆಟ್ ಸುಮಾರು ಒಂದು ಲಕ್ಷ ಕೋಟಿ ಬಿಟ್ಟುಕೊಟ್ಟಿತು. ಅದರಲ್ಲಿ ಎಷ್ಟು ಪಾಲು ಕೊಪ್ಪಳ ಜಿಲ್ಲೆಗೆ ಬಂದಿರಬಹುದು, ನೀವೇ ಊಹಿಸಿ. ನನ್ನ ಪಟ್ಟಿಯಲ್ಲಿ ತೆರಿಗೆ ಕಡಿತ ಕೊನೆಯ ಸಾಲು.

ಅದಿರಿನ ದುಡ್ಡು

ಬಳ್ಳಾರಿಯವರಿಗೆ ಇನ್ನೊಂದು ದೊಡ್ಡ ಆಯ್ಕೆ ಇದೆ, ಉಳಿದೆರಡು ಜಿಲ್ಲೆಗಳಿಗೆ ಅಷ್ಟಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಮುಗಿಲು ಮುಟ್ಟಿದಾಗ ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಯಧನ ಟನ್ ಲೆಕ್ಕದಲ್ಲಿತ್ತು, ಬೆಲೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬೆಲೆಯ ಶೇ 10 ಎಂದಾದದ್ದು 2009ರಲ್ಲಿ, 15 ಆದದ್ದು 2014ರಲ್ಲಿ. ಅಷ್ಟರಲ್ಲಿ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಾಲದ ಲಾರಿ ತಂದವರು, ಹೆದ್ದಾರಿ ಪಕ್ಕ ಡಾಬಾ, ಪಂಕ್ಚರ್ ಅಂಗಡಿ ಹಾಕಿದವರು ಒಂದೇ ವಾರದಲ್ಲಿ ಬೀದಿಗೆ ಬಿದ್ದರು. ಏರಿದಾಗ ಎತ್ತಿಟ್ಟಿದ್ದರೆ ಇಳಿದಾಗ ಹಿಡಿಯಲು ಏನಾದರೂ ಇರುತ್ತಿತ್ತು. ಸ್ಥಿರತೆ ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇಷ್ಟನ್ನೇ.

ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ, ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆ ಖರ್ಚು ಮಾಡುವ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆ ಗುತ್ತಿಗೆಗಳಿಂದ ರಾಯಧನದ ಶೇ 30, ಹರಾಜಿನ ಗಣಿಗಳಿಂದ ಶೇ 10 ಅದಕ್ಕೆ. ಇದಲ್ಲದೆ ಗಣಿಬಾಧಿತ ಬಳ್ಳಾರಿ, ಚಿತ್ರದುರ್ಗ, ತುಮಕೂರು ಪ್ರದೇಶಗಳ ಪುನಶ್ಚೇತನಕ್ಕೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ (ಕೆಎಂಇಆರ್‌ಸಿ) ಕೈಯಲ್ಲಿ ಸುಮಾರು 25 ಸಾವಿರ ಕೋಟಿಯ ಯೋಜನೆ ಇದೆ. ಸಂಡೂರಿನವರು ಇಲ್ಲಿ ರಾಜ್ಯ ಬಜೆಟ್ಟಿಗೆ ಕಾಯಬೇಕಿಲ್ಲ. ಆದರೆ ಈ ದುಡ್ಡಿನಲ್ಲಿ ಕಮಾನು, ಹೈಮಾಸ್ಟ್ ದೀಪ ಕೇಳಬೇಡಿ. ಅದಿರಿನ ಬೆಲೆ ಚೆನ್ನಾಗಿರುವ ವರ್ಷ ಒಂದು ಪಾಲನ್ನು ಖರ್ಚು ಮಾಡದೆ ಇಡಿ, ಗಣಿ ನಿಂತ ವರ್ಷ ಕೂಲಿಗೆ ಬಳಸಿ ಎಂದು ಕೇಳಿ. ಖರ್ಚು ಮಾಡಬೇಡಿ ಎಂದು ಮನವಿ ಕೊಟ್ಟ ಸಂಘ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಯಾವ ಬಾಗಿಲು, ಯಾವ ತಿಂಗಳು

ಹತ್ತಿ ಸುಂಕ, ಉದ್ಯೋಗದ ಕೂಲಿ, ರೈಲು ಇವು ಕೇಂದ್ರದ್ದು. ಅಲ್ಲಿ ಬಜೆಟ್ ಫೆಬ್ರುವರಿ 1ಕ್ಕೆ, ಹಾಗಾಗಿ ಜನವರಿಯ ಮನವಿ ತಡವಾದದ್ದು. ದೀಪಾವಳಿ ಆಸುಪಾಸಿನಲ್ಲೇ ಸಂಸದರಿಗೆ ಮುಟ್ಟಬೇಕು. ಕಾಲುವೆ ನಿರ್ವಹಣೆ, ಗೃಹಲಕ್ಷ್ಮಿಯ ತಾರೀಖು ರಾಜ್ಯದ್ದು. ಅದಕ್ಕೆ ಜನವರಿ ಸರಿ, ಬಜೆಟ್ ಮಾರ್ಚಿನಲ್ಲಿ ಬರುತ್ತದೆ. ಶಾಲಾ ಕೊಠಡಿ, ಆಸ್ಪತ್ರೆ, ಹಾಸ್ಟೆಲ್ ಇವಕ್ಕೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನಂತರ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲು ತಟ್ಟಿ. 2025-26ರಲ್ಲಿ ಅದಕ್ಕೆ 5,000 ಕೋಟಿ ಘೋಷಣೆ ಆಗಿತ್ತು. ಘೋಷಣೆ ಎಷ್ಟು ಎನ್ನುವುದಕ್ಕಿಂತ ಮಾರ್ಚ್ ಕೊನೆಗೆ ಖರ್ಚಾದದ್ದೆಷ್ಟು, ಮುಗಿದ ಕಾಮಗಾರಿ ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವುದು ಹೆಚ್ಚು ಉಪಯೋಗಿ. ಬದು, ಹೊಂಡ, ಕೆರೆ ಇವಕ್ಕೆ ಗ್ರಾಮ ಸಭೆಯ ಕ್ರಿಯಾ ಯೋಜನೆಯೇ ಬಜೆಟ್. ಆ ಸಭೆಗೆ ಹತ್ತು ಜನ ಬರದೆ ಪಿಡಿಒ ಹಾಳೆಗೆ ಸಹಿ ಹಾಕಿಸಿಕೊಂಡು ಹೋದ ಮೇಲೆ ಡಿಸಿ ಕಚೇರಿ ಮುಂದೆ ಕೂತು ಫಲವಿಲ್ಲ.

ಕೊನೆಯದಾಗಿ ಬರೆಯುವ ರೀತಿ. ‘ನಮ್ಮ ಭಾಗದ ಕಾಲುವೆಗಳನ್ನು ದುರಸ್ತಿಗೊಳಿಸಬೇಕು’ ಎಂಬ ಸಾಲಿಗೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿಲ್ಲ. ಉಪಕಾಲುವೆಯ ನಂಬರು, ಎಷ್ಟನೇ ಕಿಲೋಮೀಟರಿನಿಂದ ಎಷ್ಟನೆಯದರವರೆಗೆ, ಯಾವ ತೂಬಿಗೆ ಬಾಗಿಲಿಲ್ಲ, ಕೆಳಗೆ ಎಷ್ಟು ಎಕರೆ, ಕಾಲುವೆ ಬಂದ್ ಆಗುವ ಯಾವ ವಾರದಲ್ಲಿ ಕೆಲಸ ಶುರುವಾಗಬೇಕು ಎಂದು ಬರೆದು, ಮುರಿದ ತೂಬಿನ ಫೋಟೊ ಲಗತ್ತಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.